ಕೀವಿಲ್ಲದ ಬೆರಳು

ಒಂದು ಊರಂತೆ. ಆ ಊರಿನಲ್ಲಿ ಬೆಳಗಾದರೆ ಸಾಕು, ಬಂಡೆಗಳ ನಡುವೆ ಹೊಸದೊಂದು ಗಾಜಿನ ಅರಮನೆ ಎದ್ದು ನಿಲ್ಲುತ್ತಿತ್ತಂತೆ. ಅರಮನೆಯ ಒಳಗೆ ಕೂಡುವವರಿಗೆ ರಾತ್ರಿಯೇ ಹಗಲು. ಅವರ ಮಾತೆಲ್ಲ ಏಳು ಸಮುದ್ರದ ಆಚೆಯವರ ಜೊತೆಗೆ. ಅರಮನೆ ಕಟ್ಟುವವರು ಮಾತ್ರ ಅದರ ಬುಡದಲ್ಲೇ, ತಗಡಿನ ಗೂಡುಗಳಲ್ಲಿ, ತಮ್ಮೂರಿನ ಮಾತಿನಲ್ಲೇ ಜಗಳವಾಡಿಕೊಂಡು ಇದ್ದರಂತೆ.

ಅವರೊಳಗಿನ ಒಬ್ಬ ಗೌಂಡಿಗೆ ಬೆರಳ ತುದಿ ಬಾತಿತು. ಉಗುರುಸುತ್ತು ಇರಬೇಕೆಂದು ಒಬ್ಬ ಒಂಟಿ ಹೆಂಗಸು ನಿಂಬೆಹಣ್ಣಿಗೆ ತೂತು ಕೊರೆದು ಅವನ ಬೆರಳಿಗೆ ತೊಡಿಸಿದಳು. ಬಾವು ಇಳಿಯಲಿಲ್ಲ. ನೆತ್ತಿಯ ಮೇಲೊಂದು ಗಂಟೆದ್ದಿತು. ಒಸಡಿನಲ್ಲೊಂದು ಗಂಟೆದ್ದಿತು. ನಿಂಬೆಹಣ್ಣು ಕೊಟ್ಟವಳೇ ಬಾನಾಮತಿ ಮಾಡಿದ್ದಾಳೆ, ಅವಳ ಮುಂದಿನ ಹಲ್ಲು ಕಿತ್ತರೆ ಮಂತ್ರ ಬಾಯಲ್ಲಿ ನಿಲ್ಲುವುದಿಲ್ಲ, ಗೌಂಡಿ ಬದುಕುತ್ತಾನೆ ಎಂದರು ಜನ. ಅಮಾವಾಸ್ಯೆಯ ಸಂಜೆ ಮಂತ್ರಗಾರನೊಬ್ಬನನ್ನು ಕರೆಸಿ ಕೀಳುವುದೆಂದು ಗೊತ್ತು ಮಾಡಿದರು.

ಅಜ್ಜಿ ಗದಿಗೆಮ್ಮ ಬದುಕಿದ್ದಿದ್ದರೆ ಈ ಕತೆಯನ್ನು ಹೀಗೇ ಶುರು ಮಾಡುತ್ತಿದ್ದಳೆಂದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ತಾರಾಳಿಗೆ ಅನ್ನಿಸಿತು. ಅಜ್ಜಿಯ ಕತೆಗಳಲ್ಲಿ ಇಂಥ ಹೆಂಗಸಿನ ಸಹಾಯಕ್ಕೆ ಮಾತಾಡುವ ಗಿಳಿಯೋ, ಸಾಲುಗಟ್ಟಿದ ಇರುವೆಗಳೋ ಬರುತ್ತಿದ್ದವು. ನಿಂಬೆಹಣ್ಣು ಕೊಟ್ಟ ಸೂಗಮ್ಮನ ಪಾಲಿಗೆ ಬಂದದ್ದು ತಾರಾ. ನಾಂಪಲ್ಲಿಯಲ್ಲಿ ಸೂಟ್‌ಕೇಸ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಖಾಸಗಿ ಪತ್ತೇದಾರಿ ನಡೆಸುವ, ಆ ಕೋಣೆಯಲ್ಲೇ ಅಡುಗೆ ಮಾಡಿಕೊಂಡು ಮಲಗುವ ಹೆಣ್ಣು.

ಮತ್ತು ಅಮಾವಾಸ್ಯೆ ಇವತ್ತೇ.

ತಾರಾಳ ದಿನನಿತ್ಯದ ಕೆಲಸ ಕೊಲೆ ದರೋಡೆಯದಲ್ಲ. ಸಾಫ್ಟ್‌ವೇರ್ ವರಗಳ ವಿಚಾರಣೆ. ಹುಡುಗ ಹೇಳಿದ ಕಂಪನಿಯಲ್ಲೇ ಇದ್ದಾನೆಯೇ, ಶನಿವಾರ ಸಂಜೆ ಎಲ್ಲಿಗೆ ಹೋಗುತ್ತಾನೆ, ಊಟಕ್ಕೆ ಯಾರ ಜೊತೆ ಕೂಡುತ್ತಾನೆ. ಈ ಊರಿನ ಎಷ್ಟೋ ಗಂಡುಮಕ್ಕಳ ಮಧ್ಯಾಹ್ನದ ಊಟ ಏನೆಂದು ಅವಳಿಗೆ ಗೊತ್ತಿತ್ತು. ಅವಳು ಉಂಡಳೋ ಇಲ್ಲವೋ ಎಂದು ಗೊತ್ತಿದ್ದವರು ಯಾರೂ ಇರಲಿಲ್ಲ.

ಅಂಥದೇ ಒಂದು ವಿಚಾರಣೆಗೆ ಉಪ್ಪಲ್‌ನ ಆಚೆ ಹೊಸ ಐಟಿ ಪಾರ್ಕ್ ಏಳುತ್ತಿದ್ದ ಕಡೆ ಹೋದಾಗ ತಗಡಿನ ಗೂಡಿನೊಳಗಿಂದ, ಈ ತೆಲುಗು ಊರಿನಲ್ಲಿ, ಕನ್ನಡ ಕೇಳಿಸಿತ್ತು. ನಿಂತಳು. ಒಲೆಯ ಮುಂದಿದ್ದ ಸೂಗಮ್ಮ ಹೆಸರನ್ನೂ ಕೇಳದೆ ಬಿಸಿ ರೊಟ್ಟಿಯೊಂದನ್ನು ತೆಗೆದು ಕೈಗಿಟ್ಟಳು. ಅಲ್ಲಿಂದಾಚೆಗೆ ಭಾನುವಾರಗಳಂದು ತಾರಾಳಿಗೆ ಹೋಗಲು ಒಂದು ಜಾಗವಿತ್ತು.

ಬೆರಳು ಬಾತ ಗೌಂಡಿಯ ಹೆಸರು ದ್ಯಾವಪ್ಪ. ಆ ಸೂಗಮ್ಮನಿಗೆ ತಾರಾ ಮಾತು ಕೊಟ್ಟಿದ್ದಳು. "ದ್ಯಾವಪ್ಪ ಕಾಕಾನ ಬಾಯಿಂದನ, ಎಲ್ಲಾರ ಮುಂದ, ಸೂಗಮ್ಮ ಮಾಡಿಲ್ಲ ಅಂತ ಅನಸ್ತೀನಿ."

ಪೊಲೀಸರು ಬೇಡವೆಂದವಳು ಸೂಗಮ್ಮನೇ. "ಅವರು ಬಂದು ಹೋಗ್ತಾರ ಅಕ್ಕಾರ. ಹೆಸರು ಉಳೀತೈತಿ. ನಾ ಊರು ಮುಟ್ಟೂದ್ರೊಳಗ ಅದು ಮುಟ್ಟಿರತೈತಿ. ಹಲ್ಲು ಇದ್ರೂ ನೀರಿಗೆ ಕರಿಯಾಂಗಿಲ್ಲ ನನ್ನ."

ಹಾಗಾಗಿ ತಾರಾ ಹುಡುಕಿದ್ದು ಒಂದೇ: ಬಾನಾಮತಿ ಎಂಬ ಮಾತು ಮೊದಲು ಯಾರ ಬಾಯಿಂದ ಬಂತು?

ನಲ್ಲಿಯ ಹತ್ತಿರದ ಹೆಂಗಸರು ಭಾಗ್ಯಶ್ರೀಯನ್ನು ತೋರಿಸಿದರು. ಭಾಗ್ಯಶ್ರೀ ಮೇಸ್ತ್ರಿ ಹುಲಗೇಶನ ಹೆಂಡತಿ. ಅವಳು ಗಂಡನನ್ನು ತೋರಿಸಿದಳು. ಹುಲಗೇಶ ಮೀಸೆಯಡಿ ನಕ್ಕ. "ನಾ ಯಾಕ ಹೇಳ್ಲಿ ಅಕ್ಕಾರ? ನಮ್ಮ ಕೆಲಸ ಕಟ್ಟೂದು. ದ್ಯಾವಪ್ಪನೇ ನನ್ನ ಕೈ ಹಿಡಕೊಂಡು ಅತ್ತ. ಸೂಗಮ್ಮ ನನಗ ಮಾಡ್ಯಾಳ ಮೇಸ್ತ್ರಿ ಅಂದ."

ಎಳೆ ಹಿಡಿದು ಹೋದಂತೆಲ್ಲ ಅದು ಬೇರೆ ಯಾರ ಮನೆಗೂ ಹೋಗದೆ ರೋಗಿಯ ಮಂಚಕ್ಕೇ ಬಂದು ನಿಂತಿತ್ತು.

ಡಾಕ್ಟರ್ ಅಹಲ್ಯಾ ವಾರ್ಡಿನ ಬಾಗಿಲಲ್ಲೇ ಸಿಕ್ಕರು. ಬೀದರಿನವರು, ಕನ್ನಡದ ರೋಗಿ ಬಂದರೆ ತೆಲುಗು ಹಿಂದಿ ಎರಡನ್ನೂ ಬದಿಗಿಟ್ಟು ಹಗುರಾಗುವವರು. ಇವತ್ತು ಹಗುರಾಗಿರಲಿಲ್ಲ.

"ಬೆರಳು ಕೊಯ್ದಾಗ ಕೀವು ಬರಲಿಲ್ಲ. ಅಲ್ಲೇ ನನಗ ಸಂಶಯ ಬಂತು," ಎಂದರು. "ಉಗುರುಸುತ್ತು ಇದ್ರ ಕೀವು ಇರಬೇಕಲ್ಲ? ಎಕ್ಸ್‌ರೇ ತೆಗಿಸಿ ನೋಡ್ತೀನಿ, ತುದಿಯ ಎಲುಬೇ ಇಲ್ಲ. ಇಲಿ ತಿಂದಂಗ ತಿಂದು ಬಿಟ್ಟದ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ."

"ಏನ್ ಬಂತ್ರಿ?"

"ಶ್ವಾಸಕೋಶದ ಕ್ಯಾನ್ಸರ್."

ತಾರಾ ಕಿಟಕಿಯಾಚೆ ನೋಡಿದಳು. ಕೆಳಗೆ ಯಾರೋ ಒಗೆದ ಸೀರೆಯನ್ನು ಆಸ್ಪತ್ರೆಯ ಬೇಲಿಗೆ ಹರವುತ್ತಿದ್ದರು. "ಬೆರಳಾಗ ಶ್ವಾಸಕೋಶದ್ದು ಹ್ಯಾಂಗ್ರಿ?"

"ಇರೋದು ಎದಿಯೊಳಗ. ಅಲ್ಲಿಂದ ರಕ್ತದ ಜೋಡಿ ಹೊಂಟು ಕಾಳು ಚೆಲ್ಲಿದಂಗ ಬೀಳ್ತದ. ಬಿದ್ದಲ್ಲಿ ಮೊಳೀತದ. ಸಾಮಾನ್ಯ ಮಿದುಳಿಗೆ, ಲಿವರಿಗೆ, ಬೆನ್ನಿನ ಎಲುಬಿಗೆ ಹೋಗ್ತದ. ಇವನೊಳಗ ದಾರಿ ಬಿಟ್ಟು ಹೋಗ್ಯದ. ಬೆರಳ ತುದಿ, ನೆತ್ತಿ, ಒಸಡು. ನೆತ್ತಿ ಮ್ಯಾಲಿಂದು, ಒಸಡಿಂದು ಎರಡೂ ನೋಡಿದೆ. ಎಲ್ಲಾ ಒಂದೇ ತಾಯಿ ಮಕ್ಕಳು. ನಾ ಓದಿದ್ದೆ ಅಷ್ಟೇ. ಕಣ್ಣಿಲೆ ನೋಡಿದ್ದು ಇದೇ ಮೊದಲು."

"ಕೆಮ್ಮಿದ್ದು ಯಾರಿಗೂ ಗೊತ್ತಾಗಲಿಲ್ಲೇನ್ರಿ?"

"ಸಿಮೆಂಟಿನ ನಡುವೆ ಕೆಮ್ಮದವರು ಯಾರಿದ್ದಾರ ಹೇಳ್ರಿ. ಮ್ಯಾಲೆ ಬೀಡಿ ಬ್ಯಾರೆ."

ಅಜ್ಜಿಯ ರಾಕ್ಷಸರು ತಮ್ಮ ಜೀವವನ್ನು ಎಲ್ಲೋ ದೂರದ ಕಾಡಿನಲ್ಲಿ ಬಚ್ಚಿಟ್ಟು ತಾವು ಊರಿನಲ್ಲಿ ಮೆರೆಯುತ್ತಿದ್ದರು. ಈ ರಾಕ್ಷಸ ತಿರುವುಮುರುವು. ತಾನು ಮನೆಯೊಳಗೇ ಬೆಚ್ಚಗೆ ಕೂತು, ಹೆಜ್ಜೆಗುರುತುಗಳನ್ನು ಮಾತ್ರ ದೂರ ದೂರ ಮೂಡಿಸಿತ್ತು. ಜನ ಹೆಜ್ಜೆ ಕಂಡಲ್ಲೆಲ್ಲ ಕಳ್ಳನನ್ನು ಹುಡುಕಿದ್ದರು. ಸಿಕ್ಕಿದವಳು ಸೂಗಮ್ಮ.

"ಬರ್ರಿ," ಎಂದರು ಡಾಕ್ಟರ್. "ನಾ ಅವನಿಗೆ ಬೆಳಿಗ್ಗೆನೇ ಹೇಳೀನಿ. ನಂಬಿಲ್ಲ. ನೀವು ನಿಮ್ಮ ಕೆಲಸ ಮಾಡ್ರಿ."

ದ್ಯಾವಪ್ಪನ ಮಂಚ ಗೋಡೆಯ ಬದಿಗಿತ್ತು. ಉಳಿದ ಮಂಚಗಳ ಸುತ್ತ ಚೀಲ, ತಾಟು, ಕೂಸು, ಕೂಗಾಟ. ಅವನ ಮಂಚದ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. ಐವತ್ತರ ಆಸುಪಾಸಿನ ಗಟ್ಟಿ ಆಳು, ಈಗ ಹೊದಿಕೆಯಡಿ ಇದ್ದಾನೋ ಇಲ್ಲವೋ ಎಂಬಂತಾಗಿದ್ದ. ಬ್ಯಾಂಡೇಜು ಸುತ್ತಿದ ತೋರುಬೆರಳನ್ನು ಬೇರೆ ಯಾರದೋ ವಸ್ತುವನ್ನು ಕಾಯುವವನಂತೆ ಎದೆಯ ಮೇಲಿಟ್ಟುಕೊಂಡಿದ್ದ.

"ಬಂದ್ರಾ ಜಾಸೂಸ್ ಅಕ್ಕಾರು," ಎಂದ. ಒಸಡಿನ ಗಂಟು ಮಾತಿಗೆ ಅಡ್ಡ ಬರುತ್ತಿತ್ತು. "ಈ ಡಾಕ್ಟರ್ ಬಾಯಾರು ಏನಂತಾರ ಕೇಳ್ರಿ. ಎದಿಯಾಗಿನ ರೋಗ ಅಂತ. ಎದಿಯಾಗಿಂದು ಎದಿಯಾಗ ಇರಬೇಕಲ್ರಿ. ಬೆರಳಿಗೆ ಯಾಕ ಬರತೈತಿ? ನೆತ್ತಿಗೆ ಯಾಕ ಏರತೈತಿ? ಅದಕ್ಕೇನು ಬಸ್ ಪಾಸ್ ಐತೇನು?"

"ಪಾಸ್ ಬೇಕಿಲ್ಲಪ್ಪ," ಎಂದರು ಅಹಲ್ಯಾ. "ರಕ್ತದ ಬಸ್ಸು ಎಲ್ಲಾ ಸ್ಟಾಪಿಗೂ ಹೋಗ್ತದ. ಇದು ಯಾರೂ ಇಳಿಯದ ಸ್ಟಾಪಿನಾಗ ಇಳದದ."

"ಹಂಗಾರ ಔಷಧ ಕೊಡ್ರಿ. ಹತ್ತಿಸಿ ಕಳಸ್ರಿ ಅದನ್ನ."

"ನೋವು ಕಡಿಮಿ ಮಾಡ್ತೀನಿ. ಬೆಳಿಯೋದನ್ನ ಸ್ವಲ್ಪ ದಿನ ತಡೀಬಹುದು."

"ಆರಾಮ ಆಕ್ಕೈತೇನು? ಅದನ್ನ ಹೇಳ್ರಿ."

ಡಾಕ್ಟರ್ ಅವನ ಕಣ್ಣು ನೋಡಿಯೇ ಹೇಳಿದರು. "ಆಗಂಗಿಲ್ಲ ದ್ಯಾವಪ್ಪ."

ಅವನು ತಾರಾಳ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಬಿಡಿಸಿ ತೋರಿಸುವವನ ಸಮಾಧಾನವಿತ್ತು. "ನೋಡ್ರಿ ಅಕ್ಕಾರ. ಇವರು ಆಗಂಗಿಲ್ಲ ಅಂತಾರ. ಆ ಮಂತ್ರಗಾರ ಆಕ್ಕೈತಿ ಅಂತಾನ. ಬಾನಾಮತಿ ಇದ್ರ ತೆಗೀಬಹುದು. ಇದನ್ನ ತೆಗ್ಯಾಕ ಆಗಂಗಿಲ್ಲ. ನೀವು ನನ್ನ ಜಾಗಾದಾಗ ಇದ್ರ ಯಾರ ಮಾತು ಕೇಳ್ತಿದ್ರಿ?"

ತಾರಾ ಮಂಚದ ಅಂಚಿಗೆ ಕೂತಳು. ಇಷ್ಟು ದಿನ ಇವನನ್ನು ಸುಳ್ಳುಗಾರನೆಂದುಕೊಂಡು ಬೆನ್ನು ಹತ್ತಿದ್ದಳು. ಇವನು ಸುಳ್ಳುಗಾರನಲ್ಲ. ಮುಳುಗುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡವನು. ಸಿಕ್ಕಿದ್ದು ಸೂಗಮ್ಮನ ಹಲ್ಲು. ಅದನ್ನು ಬಿಡಿಸಬೇಕಾದವಳು ತಾನು. ಬಿಡಿಸಿದರೆ ಇವನ ಕೈಯಲ್ಲಿ ಏನು ಉಳಿಯುತ್ತದೆ?

"ಹಲ್ಲು ಕಿತ್ತ ಮರುದಿನ ಬೆರಳು ನೋಯ್ತದ," ಎಂದರು ಅಹಲ್ಯಾ. "ಆಗ ಯಾರದು ಕೀಳ್ತೀರಿ?"

ಯಾವುದೋ ಮಂಚದಿಂದ ಕರೆ ಬಂತು, ಅವರು ಹೋದರು. ದ್ಯಾವಪ್ಪ ಗೋಡೆಗೆ ಮುಖ ಮಾಡಿದ.

ತಾರಾ ಕೈಚೀಲದಿಂದ ಒಂದು ಕರಣಿ ತೆಗೆದು ಹೊದಿಕೆಯ ಮೇಲಿಟ್ಟಳು. ಗೌಂಡಿಗಳು ಗಾರೆ ಸವರುವ ಕರಣಿ. ಅಲಗು ಸವೆದು ಎಲೆಯಂತೆ ತೆಳ್ಳಗಾಗಿತ್ತು. ಹಿಡಿಕೆಗೆ ನೀಲಿ ಲುಂಗಿಯ ತುಂಡೊಂದು ಬಿಗಿಯಾಗಿ ಸುತ್ತಿತ್ತು.

ಅವನ ಎಡಗೈ ತಾನಾಗಿಯೇ ಅದರ ಮೇಲೆ ಬಂತು. "ನನ್ನ ಕರಣಿ. ಕದ್ದು ತಂದ್ರೇನು?"

"ಕದ್ದ ತಂದೀನಿ. ಕಂಪ್ಲೇಂಟ್ ಕೊಡ್ತೀರೇನು ಕಾಕಾ?"

ಬಾತ ತುಟಿಯ ಒಂದು ಬದಿ ನಕ್ಕಿತು.

"ಹಿಡಕೀಗೆ ಬಟ್ಟಿ ಯಾಕ ಸುತ್ತೀರಿ?"

"ಬೆರಳಿಗೆ ಒತ್ತತಿತ್ತು. ತಡಕೊಳ್ಳಾಕ ಆಗ್ತಿದ್ದಿಲ್ಲ."

"ಸೂಗಮ್ಮಕ್ಕ ನಿಂಬಿಹಣ್ಣು ಕೊಟ್ಟ ಮ್ಯಾಲೇನು?"

"ಮತ್ತ? ಆಮ್ಯಾಲೇನ."

ತಾರಾ ಬಟ್ಟೆಯ ಸುತ್ತನ್ನು ಉಗುರಿನಿಂದ ಎಬ್ಬಿಸಿದಳು. ಮೇಲೆಲ್ಲ ಬೂದು ಸಿಮೆಂಟು ಪದರ ಪದರವಾಗಿ ಒಣಗಿತ್ತು. ಅದರಡಿ, ಬಟ್ಟೆಯ ಎಳೆಗಳ ಸಂದಿಯಲ್ಲಿ, ಬೇರೆಯೇ ಬಣ್ಣವಿತ್ತು. ಕಾವಿಗೆಂಪು. "ಈಗಿನ ಸೈಟಿನಾಗ ಕೆಂಪು ಗಾರಿ ಎಲ್ಲೆರೆ ಐತೇನ್ರಿ? ನಾ ಎಲ್ಲಾ ಮಾಳಗಿ ಹತ್ತಿ ಬಂದೆ. ಎಲ್ಲಾ ಕಡಿ ಹೊಳಿಯೋ ಫರ್ಸಿ ಕಲ್ಲು. ಈ ಕೆಂಪು ಎಲ್ಲೀದು?"

ದ್ಯಾವಪ್ಪ ಆ ಕೆಂಪನ್ನು ನೋಡಿದ. ಗೋಡೆಯ ಕಡೆಗಿದ್ದ ಮೈ ಮೆಲ್ಲನೆ ಈ ಕಡೆ ಹೊರಳಿತು.

"ಹಿಂದಿನ ಸೈಟಿಂದು," ಎಂದ. "ಸಾಹೇಬರು ಯಾರೋ ಹಳೇ ಕಾಲದ ಕೆಂಪು ನೆಲಾನ ಬೇಕಂದಿದ್ರು. ನಾನೂ ಬಂಡೆಪ್ಪನೂ ಕೂಡಿ ಹಾಕಿದ್ವಿ. ಕನ್ನಡಿ ಹಂಗಾಗಿತ್ತು ಆ ನೆಲ. ಅವ ತಿಕ್ಕಿದ್ರ ಮಾರಿ ಕಾಣತಿತ್ತು."

ಬಂಡೆಪ್ಪ ಸೂಗಮ್ಮನ ಗಂಡ. ಹುಲಗೇಶನೇ ಮೇಸ್ತ್ರಿಯಾಗಿದ್ದ ಆ ಸೈಟಿನಲ್ಲಿ, ಹೊರಗೋಡೆಗೆ ಗಾರೆ ಮಾಡುತ್ತಿದ್ದಾಗ, ಹಗ್ಗದಲ್ಲಿ ತೂಗುಬಿಟ್ಟ ಹಲಗೆಯಿಂದ ಬಿದ್ದು ಸತ್ತವನು. ಅವನ ಜಾಗಕ್ಕೆ ಕೆಲಸಕ್ಕೆ ಬಂದವಳು ಸೂಗಮ್ಮ.

"ಬಟ್ಟಿ ಸುತ್ತಿದವ ಅವನ," ಎಂದ ದ್ಯಾವಪ್ಪ. "ತನ್ನ ಲುಂಗಿ ಹರದು. ನಿನ್ನ ಬೆರಳು ಹೆಣ್ಮಕ್ಕಳ ಬೆರಳಾಗ್ಯಾವಲ್ಲೋ ದ್ಯಾವ್ಯಾ ಅಂತ ನಗತಿದ್ದ. ನಾ ಮರತ ಬಿಟ್ಟಿದ್ನಿ."

"ಹಂಗಾರ ಬಂಡೆಪ್ಪ ಇದ್ದಾಗನ ಬೆರಳು ನೋಯಾಕ ಹತ್ತಿತ್ತು."

"ಹೌದು."

"ಅವ ಬೀಳೂದಕ್ಕಿಂತ ಮೊದಲು."

ಅವನು ಹಿಡಿಕೆಯ ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ.

"ಆಗ ಸೂಗಮ್ಮಕ್ಕ ಊರಾಗಿದ್ಲು ಕಾಕಾ. ನಿಮ್ಮ ಮಾರಿನೂ ನೋಡಿದ್ದಿಲ್ಲ. ಗಂಡ ಬದುಕಿದ್ದ, ಮನಿ ನಡೀತಿತ್ತು. ಆಕಿಗೆ ನಿಮ್ಮ ಮ್ಯಾಲೆ ಆಗ ಏನ್ ಸಿಟ್ಟು?"

ತಾರಾ ಇದನ್ನು ವಾದಕ್ಕಾಗಿ ಹೇಳಿದ್ದಳು, ಅಷ್ಟೇ. ಆದರೆ ದ್ಯಾವಪ್ಪನ ಮುಖದಲ್ಲಿ ಆದದ್ದು ವಾದ ಸೋತವನ ಮುಖದಲ್ಲಿ ಆಗುವಂಥದಲ್ಲ. ಕಣ್ಣುಗಳು ಅಗಲವಾದವು. ಏನನ್ನೋ ಹಿಂದುಮುಂದಾಗಿ ಜೋಡಿಸಿಟ್ಟವನು, ಯಾರೋ ಬಂದು ಸರಿಯಾಗಿ ಜೋಡಿಸಿ ತೋರಿಸಿದಾಗ ನೋಡುವ ಹಾಗೆ ಕರಣಿಯನ್ನೇ ನೋಡಿದ.

"ಮೊದಲು ಬೆರಳು," ಎಂದ ತನ್ನಷ್ಟಕ್ಕೆ. "ಆಮ್ಯಾಲೆ ಅದು."

"ಯಾವುದು ಕಾಕಾ?"

ಪಕ್ಕದ ಮಂಚದ ಮುದುಕಿ ಮೊಮ್ಮಗಳಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು; ಅದರ ವಾಸನೆ ಇಲ್ಲಿಯವರೆಗೆ ಬಂತು. ದ್ಯಾವಪ್ಪ ಆ ಕಡೆಯೇ ನೋಡುತ್ತಿದ್ದುದನ್ನು ಕಂಡು ಮುದುಕಿ ಒಂದು ಹಣ್ಣು ಚಾಚಿದಳು. ಅವನು ಬೇಡವೆಂದು ಎಡಗೈ ಆಡಿಸಿದ.

"ಇಲ್ಲಿ ಸತ್ತರ ಕಡೀಕ ಸಂಗಾಟ ಯಾರಿರ್ತಾರ ಅಕ್ಕಾರ?"

"ನಾ ಇರ್ತೀನಿ," ಎಂದಳು ತಾರಾ. ಯೋಚಿಸಿ ಹೇಳಿದ್ದಲ್ಲ. ಹೇಳಿದ ಮೇಲೆ ನಿಜವೆನ್ನಿಸಿತು.

ದ್ಯಾವಪ್ಪ ಎಡಗೈ ಊರಿ ಎದ್ದು ಕೂತ. "ಚಪ್ಪಲಿ ಸರಸ್ರಿ. ಹೊತ್ತು ಮುಳುಗೂದ್ರೊಳಗ ಮುಟ್ಟಬೇಕು."

"ಆಕಿ ಹೆಸರ ಯಾಕ ಹೇಳಿದ್ರಿ ಕಾಕಾ? ಅಷ್ಟು ಮಂದಿಯೊಳಗ?"

"ಅಲ್ಲೇ ಹೇಳ್ತೀನಿ. ಒಮ್ಮೆ ಹೇಳಾಕ ಆದೀತು. ಎರಡು ಸಲ ನನ್ನ ಕೈಲೆ ಆಗಂಗಿಲ್ಲ."

ರಾತ್ರಿಯೇ ವಾಪಸ್ ತರಬೇಕೆಂಬ ಷರತ್ತಿನ ಮೇಲೆ ಡಾಕ್ಟರ್ ಬಿಟ್ಟುಕೊಟ್ಟರು. ಎರಡು ನೋವಿನ ಗುಳಿಗೆ ತಾರಾಳ ಅಂಗೈಗಿಟ್ಟು, ಒಂದನ್ನು ದಾರಿಯಲ್ಲೇ ಕೊಡಿ ಎಂದರು.

ಆಟೋ ಉಪ್ಪಲ್ ಕಡೆ ಹೊರಟಿತು. ದಾರಿಯುದ್ದಕ್ಕೂ ಹೋರ್ಡಿಂಗುಗಳು: ಕಂಪ್ಯೂಟರ್ ಕಲಿಯಿರಿ, ಇಂಗ್ಲಿಷ್ ಕಲಿಯಿರಿ, ಆಕಾಶದಲ್ಲಿ ಫ್ಲ್ಯಾಟ್ ಕೊಳ್ಳಿರಿ. ಕಿವಿಗೆ ತಂತಿ ಸಿಕ್ಕಿಸಿಕೊಂಡು ನಗುವ ಹುಡುಗಿಯ ಚಿತ್ರ ಎಷ್ಟು ದೊಡ್ಡದಿತ್ತೆಂದರೆ ಅವಳ ಒಂದು ಹಲ್ಲು ಆಟೋದಷ್ಟಿತ್ತು. ತಾರಾ ಕಣ್ಣು ತಿರುಗಿಸಿಕೊಂಡಳು.

"ನೀವು ಕಟ್ಟಿದ್ದರೊಳಗ ಯಾವಾಗರೆ ಹೋಗೀರೇನು ಕಾಕಾ? ಕಟ್ಟಿ ಮುಗದ ಮ್ಯಾಲೆ?"

"ಎಲ್ಲಿಂದ್ರಿ. ಫರ್ಸಿ ಒರಸಿ ಹೊರಗ ಬಂದ ಕೂಡಲೆ ಗೇಟಿನಾಗ ವಾಚ್‌ಮನ್ ನಿಂತಿರ್ತಾನ. ನಿನ್ನೆ ಚಾ ಕುಡದಾವ ಇವತ್ತು ಪಾಸ್ ಎಲ್ಲಿ ಅಂತಾನ." ಆಮೇಲೆ ಕೇಳಿದ, "ನಿಮಗ ಮನಿಯಾಗ ಯಾರೂ ಇಲ್ಲೇನು?"

"ಒಂದು ಕುಕ್ಕರ್ ಐತ್ರಿ. ಸೀಟಿ ಹೊಡದು ಕರೀತೈತಿ."

"ಚಲೋ ಐತಿ ಬಿಡ್ರಿ. ನನ್ನ ಕರಿಯಾಕ ಅದೂ ಇಲ್ಲ."

ಇಬ್ಬರೂ ನಕ್ಕರು. ಆಟೋದವನು ಕನ್ನಡಿಯಲ್ಲಿ ಒಮ್ಮೆ ನೋಡಿ, ಇಂಥ ರೋಗಿಯನ್ನು ಇಟ್ಟುಕೊಂಡು ನಗುವ ಹೆಂಗಸು ಎಂಥವಳೋ ಎಂದು ತಲೆಯಾಡಿಸಿದ.

ಸೈಟು ಮುಟ್ಟಿದಾಗ ಬಿಸಿಲು ಗಾಜಿನ ತುದಿಯ ಮಾಳಿಗೆಗಷ್ಟೇ ಉಳಿದಿತ್ತು. ಕೆಳಗೆ ತಗಡಿನ ಗೂಡುಗಳ ನಡುವಿನ ಬಯಲಿನಲ್ಲಿ ಮಂದಿ ಸುತ್ತುಗಟ್ಟಿದ್ದರು. ಯಾರೂ ಗದ್ದಲ ಮಾಡುತ್ತಿರಲಿಲ್ಲ.

ನಡುವೆ, ಮಗುಚಿದ ಬಾಂಡ್ಲಿಯ ಮೇಲೆ, ಸೂಗಮ್ಮ ಕೂತಿದ್ದಳು. ಯಾರೂ ಕಟ್ಟಿರಲಿಲ್ಲ. ಕಟ್ಟುವ ಅಗತ್ಯವೇ ಇರಲಿಲ್ಲ, ಹೋಗುವುದಾದರೂ ಎಲ್ಲಿಗೆ? ತುಟಿಗಳನ್ನು ಮಾತ್ರ ಒಂದರ ಮೇಲೊಂದು ಒತ್ತಿ ಹಿಡಿದಿದ್ದಳು. ಎದುರಿಗೆ ಮಂತ್ರಗಾರ. ಜಡೆ, ಬೂದಿ, ಕೆಂಗಣ್ಣಿನವನೊಬ್ಬನನ್ನು ತಾರಾ ಎದುರುನೋಡಿದ್ದಳು. ಇವನು ಟೆರಿಕಾಟ್ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ತಾಲೂಕು ಆಫೀಸಿನ ಗುಮಾಸ್ತನಂತಿದ್ದ. ಕಬ್ಬಿಣದ ಸರಳು ಬಗ್ಗಿಸುವವರ ಶೆಡ್ಡಿನಿಂದ ತಂದ ಇಕ್ಕಳವನ್ನು ಬಕೇಟಿನ ನೀರಲ್ಲಿ ಅದ್ದಿ ತೊಳೆಯುತ್ತಿದ್ದ.

"ಬಂದ್ಲು ನೋಡ್ರಿ ಜಾಸೂಸ್ ಬಾಯಿ," ಎಂದಳು ಭಾಗ್ಯಶ್ರೀ. "ದುರ್ಬೀನು ತಂದಾಳೇನು ಕೇಳ್ರಿ."

"ದ್ಯಾವಪ್ಪನ್ನ ತಂದೀನಿ," ಎಂದಳು ತಾರಾ.

ಸುತ್ತು ಬಿಚ್ಚಿಕೊಂಡಿತು. ಆಟೋ ನಡುವಿನವರೆಗೆ ಬಂತು. ದ್ಯಾವಪ್ಪ ಇಳಿಯಲಾರದೆ ಸೀಟಿನಲ್ಲೇ ಕೂತು ಕಾಲು ಹೊರಗೆ ಚಾಚಿದ. ಹುಲಗೇಶ ಓಡಿಬಂದ. ಅವನ ದನಿಯಲ್ಲಿ ಕಕ್ಕುಲಾತಿ ಇತ್ತು. "ಏನೋ ದ್ಯಾವಪ್ಪ, ಈ ಸ್ಥಿತಿಯಾಗ ಯಾಕ ಬಂದಿ? ನಾವು ಮುಗಿಸಿ ಬರ್ತಿದ್ವಲ್ಲ."

"ಮುಗಸಬ್ಯಾಡ್ರಿ," ಎಂದ ದ್ಯಾವಪ್ಪ. ಒಂದೊಂದೇ ಮಾತನ್ನು ಒಸಡಿನ ಗಂಟಿನ ಪಕ್ಕದಿಂದ ದಾಟಿಸಿ ತಂದ. "ಇದು ಬಾನಾಮತಿ ಅಲ್ಲ. ಎದಿಯಾಗ ಕ್ಯಾನ್ಸರ್ ಐತಿ. ಬೆರಳಿಗೂ ನೆತ್ತಿಗೂ ಬಾಯಿಗೂ ಅದ ಬಂದೈತಿ. ಡಾಕ್ಟರ್ ಬಾಯಾರು ಬೆರಳು ಕೊಯ್ದು ನೋಡ್ಯಾರ."

ಜನರ ನಡುವೆ ಗುಜುಗುಜು ಹರಿಯಿತು. ಮಂತ್ರಗಾರ ಇಕ್ಕಳವನ್ನು ಟವೆಲ್ಲಿನಲ್ಲಿ ಒರೆಸಿದ. ಇಂಥದನ್ನು ಅವನು ಮೊದಲೂ ಕಂಡಿರಬೇಕು.

"ಮಾಡಿದಾಕಿ ಇವನ ನಾಲಿಗಿ ಹಿಡದು ಹೇಳಸಾಕತ್ಯಾಳ," ಎಂದ ಜನರಿಗೆ. ಆಮೇಲೆ ದ್ಯಾವಪ್ಪನಿಗೆ, ಮೆತ್ತಗೆ, "ಆಯ್ತಪ್ಪ. ಕ್ಯಾನ್ಸರ್ ಅನ್ನು. ಹಂಗಾರ ಇಷ್ಟು ಮಂದಿ ಹೆಂಗಸರೊಳಗ ಆಕಿ ಹೆಸರ ಯಾಕ ಬಂತು ನಿನ್ನ ಬಾಯಾಗ? ಉರಿ ಇಲ್ಲದ ಸುಮ್ಮನ ಹೊಗಿ ಬರತೈತೇನು? ಹೇಳು."

ಜನ ತಲೆಯಾಡಿಸಿದರು. ತಾರಾ ಸೂಗಮ್ಮನ ಕಡೆ ಒಂದು ಹೆಜ್ಜೆ ಇಟ್ಟಳು. ತಾನು ಮಧ್ಯಾಹ್ನ ಕೇಳಿ ಬಿಟ್ಟುಬಿಟ್ಟಿದ್ದ ಪ್ರಶ್ನೆ ಅದು. ಉತ್ತರ ಬಾರದಿದ್ದರೆ ಇಡೀ ಮಾತು ಇಲ್ಲೇ ಬಿದ್ದುಹೋಗುತ್ತದೆ. ಮಂತ್ರಗಾರ ಆಗಲೇ ಸೂಗಮ್ಮನ ಗದ್ದಕ್ಕೆ ಕೈ ಹಾಕಿದ್ದ.

"ಬ್ಯಾಡ ಬಿಡ್ರಿ, ದಣದಾನ ಅವ," ಎಂದ ಹುಲಗೇಶ.

"ಹೇಳ್ತೀನಿ," ಎಂದ ದ್ಯಾವಪ್ಪ. ಅವನು ಸೂಗಮ್ಮನೊಬ್ಬಳನ್ನೇ ನೋಡುತ್ತಿದ್ದ. "ಆಕಿ ನನ್ನ ಮುಂದ ನಿಂಬಿಹಣ್ಣು ಹಿಡದು ನಿಂತಾಗ ಆಕಿಗೆ ತಿಳದೈತಿ ಅಂತ ಅಂಜಿದ್ನಿ. ಅದಕ್ಕ ಆಕಿ ಹೆಸರು ಬಂತು."

"ಏನು ತಿಳದೈತಿ?" ಎಂದ ಮಂತ್ರಗಾರ.

"ಬಂಡೆಪ್ಪ ನಿಂತಿದ್ದ ಹಲಗಿಯ ಹಗ್ಗ ಬಿಚ್ಚಿದವ ನಾನು ಅಂತ."

ಎಲ್ಲೋ ಮೇಲಿನ ಮಾಳಿಗೆಯಲ್ಲಿ ಸಾಮಾನು ಏರಿಸುವ ಯಂತ್ರ ಗುಂಯ್ ಎನ್ನುತ್ತಿತ್ತು.

"ಮ್ಯಾಲೆ ಯಾರೂ ಇಲ್ಲ, ಹಗ್ಗ ಬ್ಯಾರೆ ಕಡಿ ಬೇಕಾಗೇತಿ, ಬಿಚ್ಚು ಅಂದ್ರು. ಬಿಚ್ಚಿದ್ನಿ. ಅವ ಇನ್ನಾ ಮ್ಯಾಲೇ ಇದ್ದ. ಆವತ್ತಿಂದ ಏನ್ ನೋವಾದ್ರೂ ಇದು ಅದಕ್ಕಾಗಿ ಅಂತ ತಿಳಕೊಂಡ್ನಿ. ಬೆರಳೂ ಅದಕ್ಕಾಗಿ ಅಂದ್ಕೊಂಡ್ನಿ. ಆದರ ಬೆರಳು ಅದಕ್ಕೂ ಮೊದಲ ನೋಯತಿತ್ತು. ಬಂಡೆಪ್ಪನೇ ಬಟ್ಟಿ ಸುತ್ತಿ ಕೊಟ್ಟಿದ್ದ. ಆಕಿಗೆ ಏನೂ ಗೊತ್ತಿದ್ದಿಲ್ಲ." ಉಸಿರು ಹಿಡಿಯಲು ನಿಂತ. ಬೆವರು ಹಣೆಯಿಂದ ಕಣ್ಣಿಗಿಳಿಯಿತು. "ಸೂಗಮ್ಮ ಮಾಡಿಲ್ಲ. ಎಲ್ಲಾರೂ ಕೇಳ್ರಿ. ಸೂಗಮ್ಮ ನನಗ ಏನೂ ಮಾಡಿಲ್ಲ."

ಮಂತ್ರಗಾರನ ಕೈ ಗದ್ದದಿಂದ ಜಾರಿತು. ಅವನು ಇಕ್ಕಳವನ್ನು ಬಕೇಟಿನ ಪಕ್ಕದಲ್ಲಿ, ಸದ್ದಾಗದಂತೆ, ಇಟ್ಟ. ನಲ್ಲಿಯ ಹೆಂಗಸರು ನೆಲ ನೋಡಿದರು. ಒಬ್ಬಳು ಮುಂದೆ ಬಂದು ಸೂಗಮ್ಮನ ಭುಜದಿಂದ ಜಾರಿದ ಸೆರಗನ್ನು ಎತ್ತಿ ಹೊದಿಸಿದಳು. ಮತ್ತೊಬ್ಬಳು ತಂಬಿಗೆಯಲ್ಲಿ ನೀರು ತಂದಳು.

ತಾರಾ ಕೊಟ್ಟ ಮಾತು ನಡೆದಿತ್ತು. ಅವನ ಬಾಯಿಂದಲೇ, ಎಲ್ಲರ ಮುಂದೆ.

ಸೂಗಮ್ಮ ನೀರು ಮುಟ್ಟಲಿಲ್ಲ. ಬಾಂಡ್ಲಿಯಿಂದೆದ್ದು, ತಾರಾಳನ್ನು ದಾಟಿ, ಆಟೋದವರೆಗೆ ನಡೆದು ಹೋದಳು. ಇಡೀ ಸಂಜೆ ಒತ್ತಿ ಹಿಡಿದಿದ್ದ ಬಾಯಿ ಈಗ ತೆರೆಯಿತು. ದನಿಯಲ್ಲಿ ಏರಿಳಿತವಿರಲಿಲ್ಲ.

"ಮ್ಯಾಲೆ ಯಾರೂ ಇಲ್ಲ ಅಂತ ನಿನಗ ಹೇಳಿದವರು ಯಾರಣ್ಣಾ?"

ದ್ಯಾವಪ್ಪ ಉತ್ತರಕ್ಕೆಂದು ತುಟಿ ಬಿಚ್ಚಿದ. ಅಷ್ಟರಲ್ಲಿ ಆಟೋ ಒಂದು ಬದಿಗೆ ವಾಲಿತು. ಆಚೆಯ ಮಗ್ಗುಲಿನಿಂದ ಹುಲಗೇಶ ಹತ್ತಿ, ರೋಗಿಯ ಕಾಲುಗಳನ್ನು ಎತ್ತಿ ಒಳಗಿಟ್ಟು, ಅವನ ಹೆಗಲ ಸುತ್ತ ಕೈ ಹಾಕಿ ಕೂತಿದ್ದ.

"ಚಲೋ ಭಾಯ್, ದವಾಖಾನಾ," ಎಂದ ಆಟೋದವನಿಗೆ. "ಜಲ್ದಿ. ಪೇಶಂಟ್‌ಗೆ ಭಾಳ ತ್ರಾಸ್ ಆಗಾಕತ್ತೈತಿ."

ಆಟೋ ಶುರುವಾಯಿತು.